ಊಟದ ನಂತರದ ಪುಟಗಳು

ನಮ್ಮ ಕೆಲಸದ ಪರದೆಯ ಮೇಲೆ ಎರಡು ಗುಂಡಿಗಳಿದ್ದವು. ಒಂದರ ಮೇಲೆ 'ತೆರೆದು ನೋಡಿ' ಎಂದೂ ಇನ್ನೊಂದರ ಮೇಲೆ 'ಒಪ್ಪಿಗೆ' ಎಂದೂ ಬರೆದಿತ್ತು. ಮೊದಲನೆಯದನ್ನು ಒತ್ತದೆಯೇ ಎರಡನೆಯದನ್ನು ಒತ್ತಬಹುದಾಗಿತ್ತು. ನಾನು ಹಾಗೆಯೇ ಒತ್ತಿದೆ. ಒಂದು ಸಲವಲ್ಲ, ಹಲವು ವರ್ಷ. ಅದರಿಂದ ಏನಾಯಿತು ಎಂಬುದು ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಬೇರೆಯವರು ಹೇಳಿದರೆ ನನ್ನ ವಯಸ್ಸು ನೋಡಿ ನನ್ನನ್ನು ಸ್ವಲ್ಪ ಉಳಿಸಿ ಹೇಳಿಯಾರು. ಹಾಗಾಗಬಾರದು.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಶಿಕಾರಿಪುರದ ಒಂದು ಮುದ್ರಣಾಲಯದಲ್ಲಿ ಮೊದಲು ಅಚ್ಚುಮೊಳೆ ಜೋಡಿಸುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೆ ಅದರಲ್ಲಿ ಮದುವೆ ಕಾಗದ, ಕರಪತ್ರ ಮಾಡುತ್ತಿದ್ದೆ. ಮುದ್ರಣಾಲಯ ಮುಚ್ಚಿ ಮನೆಯಲ್ಲಿ ಕೂತಿದ್ದಾಗ ಸರೋಜಾ ಮೇಡಂ ಹೇಳಿಕಳಿಸಿದರು. ಅವರು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತರಾದವರು. ಸಮಾನ ಮನಸ್ಸಿನ ಕೆಲವರನ್ನು ಸೇರಿಸಿಕೊಂಡು ಬಸ್ ನಿಲ್ದಾಣದ ಹತ್ತಿರ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಸಂಘ ನಡೆಸುತ್ತಿದ್ದರು. ಲಾಭಕ್ಕಾಗಿ ಮಾಡಿದ ಸಂಘವಲ್ಲ ಅದು.

ಸಂಘದ ಕೆಲಸ ಏನೆಂದು ನೆಂಟರು ಕೇಳಿದಾಗಲೆಲ್ಲ ನಾನು ತಡವರಿಸುತ್ತಿದ್ದೆ. ಈಗ ನಿಧಾನವಾಗಿ ಹೇಳುತ್ತೇನೆ. ಹಳೆಯ ಪುಸ್ತಕ, ಚಿತ್ರ, ಕಾಗದಪತ್ರಗಳ ಪ್ರತಿಯನ್ನು ಕಂಪ್ಯೂಟರಿನಲ್ಲಿ ವಿವರ ಸಮೇತ ಜೋಡಿಸಿಟ್ಟು, ಬೇಕಾದವರು ಹುಡುಕಿ ತೆಗೆಯುವಂತೆ ಮಾಡುವ ಒಂದು ತಂತ್ರಾಂಶವಿದೆ. ಅದಕ್ಕೆ ಒಡೆಯರಿಲ್ಲ. ಲೋಕದ ನಾನಾ ಕಡೆಯ ಜನ ಸೇರಿ ಕಟ್ಟಿದ್ದು. ಯಾರು ಬೇಕಾದರೂ ಬಳಸಬಹುದು, ಬಲ್ಲವರು ತಿದ್ದಲೂಬಹುದು. ಆದರೆ ಪುಕ್ಕಟೆ ಸಿಕ್ಕ ಎಮ್ಮೆಗೂ ಹುಲ್ಲು ಹಾಕಬೇಕು, ಮೈ ತೊಳೆಯಬೇಕು. ನಮ್ಮ ಎರಡು ತಾಲ್ಲೂಕುಗಳ ಕಾಲೇಜು, ಶಾಲೆ, ವಾಚನಾಲಯ, ಕೆರೆ ಸಂಘ, ಮಹಿಳಾ ಸಂಘಗಳು ನಮ್ಮಲ್ಲಿ ಸದಸ್ಯರಾಗುತ್ತಿದ್ದವು. ಅವರ ಕಾಗದಗಳನ್ನು ಪ್ರತಿ ಮಾಡಿ ಏರಿಸುವುದು, ಅವರಿಗೆ ಕಲಿಸುವುದು, ಕೆಟ್ಟಾಗ ಸರಿಮಾಡಿಸುವುದು ಸಂಘದ ಕೆಲಸ. ನಾನು ಆ ಸದಸ್ಯರ ಫೋನ್ ಎತ್ತುವವನು, ಅವರ ಊರಿಗೆ ಬಸ್ಸಿನಲ್ಲಿ ಹೋಗುವವನು.

"ಹುಚ್ಚರಾಯಪ್ಪನವರೇ, ಒಂದು ಮಾತು ನೆನಪಿಟ್ಕೊಳ್ಳಿ," ಎಂದು ಮೊದಲ ದಿನವೇ ಮೇಡಂ ಹೇಳಿದ್ದರು. "ಫೋನ್ ಮಾಡೋರು ಗಿರಾಕಿಗಳಲ್ಲ. ಈ ಸಂಘ ಅವರದ್ದು. ನೀವು, ನಾನು ಅವರ ಮನೆ ಕೆಲಸಕ್ಕೆ ಬಂದೋರು."

ಫೋನುಗಳು ಬಹುಪಾಲು ಸಣ್ಣಪುಟ್ಟವು. "ಏನ್ರೀ, ನಿಮ್ ಸಾಫ್ಟ್‌ವೇರ್ ಸತ್ತೋಗೈತೆ" ಎಂದು ಒಬ್ಬರು ಗಾಬರಿಯಿಂದ ಕರೆದರೆ, "ಸ್ವಿಚ್ಚು ಹಾಕೀರೇನ್ರಿ?" ಎಂದು ಕೇಳುತ್ತಿದ್ದೆ. ಆ ಕಡೆ ಟಕ್ ಎಂದು ಸ್ವಿಚ್ಚು ಹಾಕಿದ ಸದ್ದು. ಆಮೇಲೆ, "ಬಂತು ಬಂತು. ಯಾರಿಗೂ ಹೇಳ್ಬೇಡ್ರಿ." ಯಾರಿಗೂ ಹೇಳಲಿಲ್ಲ. ಈ ಕೆಲಸದಲ್ಲಿ ಗುಟ್ಟು ಕಾಯುವುದೂ ಒಂದು ಭಾಗ.

ಗುಡವಿ ಕಡೆಯ ಒಂದು ಶಾಲೆಯವರು ಮಕ್ಕಳು ತೆಗೆದ ಹಕ್ಕಿ ಚಿತ್ರಗಳನ್ನು ಏರಿಸಿದ್ದರು. ನೋಡಿದರೆ ಎಲ್ಲದಕ್ಕೂ ಒಂದೇ ಹೆಸರು: ಹಕ್ಕಿ. ನಾನು ಹೋಗಿ ಮೇಷ್ಟ್ರನ್ನು ಕೇಳಿದೆ, "ಎಲ್ಲದಕ್ಕೂ ಹಕ್ಕಿ ಅಂತ ಬರ್ದೀರಲ್ರೀ ಸಾರ್?"

"ಹಕ್ಕಿ ಅಲ್ದೆ ಎಂತದ್ರೀ ಮತ್ತೆ? ಹಸು ಏನು?"

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಒಂದೊಂದೇ ಚಿತ್ರ ತೋರಿಸಿ, ಯಾರು ನೋಡಿದ್ದು, ಯಾವ ಮರದಲ್ಲಿ, ಅದು ಏನು ಮಾಡುತ್ತಿತ್ತು ಎಂದು ಕೇಳುತ್ತ ಹೋದೆ. ಸಂಜೆಯ ಬಸ್ಸಿನ ಹೊತ್ತಿಗೆ ಪ್ರತಿ ಚಿತ್ರಕ್ಕೂ ಮಕ್ಕಳದೇ ಮಾತಿನ ವಿವರ ಸಿಕ್ಕಿತ್ತು. 'ಇದು ಮರಿಗೆ ಉಣ್ಣಿಸುವಾಗ ನಮ್ಮನ್ನು ನೋಡಿ ಸಿಟ್ಟಾಯಿತು' ಎಂದು ಒಬ್ಬಳು ಬರೆಸಿದ್ದಳು. ಹೊಸಬರಿಗೆ ಹೇಳುತ್ತೇನೆ, ವಿವರ ಬರೆಸುವಾಗ ಅವಸರ ಮಾಡಬೇಡಿ. ಹೆಸರು, ಊರು ತುಂಬಿಸಿಬಿಟ್ಟರೆ ಸಾಲದು. ಕಂಡವರ ಬಾಯಲ್ಲಿ ಇನ್ನೂ ಏನೋ ಇರುತ್ತದೆ.

ನಾನು ಯಾರಿಗೆ ಋಣಿ ಎಂದು ಯೋಚಿಸಿದರೆ ಮೊದಲು ನೆನಪಾಗುವವರ ಮುಖವನ್ನೇ ನಾನು ನೋಡಿಲ್ಲ. ಒಂದು ವರ್ಷ ತಂತ್ರಾಂಶದ ಹೊಸ ಆವೃತ್ತಿ ಹಾಕಿಸಿದೆವು. ಮಾರನೆಯ ದಿನ ಕನ್ನಡದ ಶೀರ್ಷಿಕೆಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ನಿಂತಿದ್ದವು. ಬಳಸುವವರೂ ಕಟ್ಟುವವರೂ ಒಬ್ಬರಿಗೊಬ್ಬರು ಪತ್ರ ಬರೆದುಕೊಳ್ಳುವ ಒಂದು ಪಟ್ಟಿ ಇತ್ತು. ಮೇಡಂ ಊರಲ್ಲಿರಲಿಲ್ಲ. ನನಗೆ ಗೊತ್ತಿದ್ದ ಇಂಗ್ಲಿಷ್ ಎಂದರೆ ಮುದ್ರಣಾಲಯದಲ್ಲಿ ಕಲಿತ ಅರ್ಜಿಯ ಇಂಗ್ಲಿಷ್. ತಹಶೀಲ್ದಾರರಿಗೆ ಬರೆದಂತೆ, ತಮ್ಮಲ್ಲಿ ವಿನಯಪೂರ್ವಕ ಅರಿಕೆ, ನಾನು ಬಡವ, ತಾವು ದೊಡ್ಡ ಮನಸ್ಸು ಮಾಡಬೇಕು ಎಂದೆಲ್ಲ ಬರೆದು ಕಳಿಸಿದೆ. ಲೋಕವೇ ಓದುವ ಪಟ್ಟಿ ಅದು ಎಂದು ನನಗೆ ಗೊತ್ತಿರಲಿಲ್ಲ.

ದೂರದ ದೇಶದ ಒಬ್ಬ ಹೆಂಗಸು ಉತ್ತರ ಬರೆದರು. ನಾನು ದೊಡ್ಡವಳೇನೂ ಅಲ್ಲ, ನಿಮ್ಮ ಹಾಗೇ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ನಿಮ್ಮ ಭಾಷೆಯ ಕೆಲವು ಪದ ಕಳಿಸಿ, ನೋಡೋಣ ಎಂದಿದ್ದರು. ಕಿಟಕಿಯಿಂದ ಕೆಳಗೆ ಕಾಣುತ್ತಿದ್ದ ಬಸ್ಸುಗಳ ಬೋರ್ಡು ನೋಡಿ ಶಿಕಾರಿಪುರ, ಶಿರಾಳಕೊಪ್ಪ, ಸೊರಬ ಎಂದು ಬರೆದು ಕಳಿಸಿದೆ. ಕೆಲವು ದಿನ ಪತ್ರ ಹೋಗಿ ಬಂದು ಮಾಡಿತು. ನಾನು ಅದದೇ ತಪ್ಪು ಮಾಡಿದರೂ ಅವರು ಒಮ್ಮೆಯೂ ಬೇಸರ ತೋರಲಿಲ್ಲ. ಕೊನೆಗೆ ಅಕ್ಷರಗಳು ಮರಳಿ ಬಂದವು. ಆಮೇಲೆ ಪ್ರತಿ ಹೊಸ ಆವೃತ್ತಿಯನ್ನು ಹೊರಡಿಸುವ ಮುಂಚೆ ಪರೀಕ್ಷೆಗೆ ಹಾಕುವ ಪದಗಳಲ್ಲಿ ನಮ್ಮ ಬಸ್ಸಿನ ಬೋರ್ಡುಗಳನ್ನೂ ಸೇರಿಸಿದರು. ಎಂದೂ ಶಿರಾಳಕೊಪ್ಪ ನೋಡದ ಜನ ಆ ಪದ ಸರಿಯಾಗಿ ಮೂಡಿತೇ ಎಂದು ಪರೀಕ್ಷಿಸುತ್ತಾರೆ. ಇದನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯುವ ಹಾಗಾಗುತ್ತದೆ.

ಇಷ್ಟೆಲ್ಲ ಒಳ್ಳೆಯದು ಕಂಡ ಮೇಲೂ ನಾನು ಜಾರಿದೆ.

ಮೊದಮೊದಲು ಸದಸ್ಯರ ಊರಿಗೆ ಹೋಗುವಾಗ ಸ್ಕ್ಯಾನರನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆ. ಕಂಡಕ್ಟರುಗಳು "ಏನಣ್ಣಾರೆ, ಮಗು ಮಲಗೈತಾ?" ಎಂದು ಛೇಡಿಸುತ್ತಿದ್ದರು. ಒಂದು ಪುಟ ತೆಗೆಯಲು ಅದು ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಪುಟವನ್ನು ಓದುತ್ತಿದ್ದೆ, ಮೂಡಿದ ಪ್ರತಿಯನ್ನು ನೋಡುತ್ತಿದ್ದೆ. ಆಮೇಲೆ ಒಳ್ಳೆಯ ಕ್ಯಾಮೆರಾದ ಫೋನುಗಳು ಬಂದವು. ಇನ್ನು ಇದೇ ಸಾಕು ಎಂದು ನಾನೇ ಹಟ ಹಿಡಿದೆ. ಮೇಡಂ ಒಂದು ಷರತ್ತಿನ ಮೇಲೆ ಒಪ್ಪಿದರು.

"ಫೋನಲ್ಲಿ ತೆಗೀರಿ, ಬೇಡ ಅನ್ನಲ್ಲ. ಆದ್ರೆ ಒಪ್ಪಿಗೆ ಒತ್ತೋ ಮುಂಚೆ ಒಂದೊಂದು ಪುಟನೂ ತೆರೆದು ದೊಡ್ಡದು ಮಾಡಿ ನೋಡ್ಬೇಕು. ಒಂದೂ ಬಿಡೋ ಹಾಗಿಲ್ಲ."

"ಆಗಲಿ ಮೇಡಂ," ಎಂದೆ. ಮೊದಲ ಕೆಲವು ತಿಂಗಳು ನೋಡಿದೆ. ಎಲ್ಲ ಸರಿಯಾಗಿಯೇ ಇರುತ್ತಿತ್ತು. ಆಮೇಲೆ ಮೊದಲ ನಾಲ್ಕು ಪುಟ ನೋಡುತ್ತಿದ್ದೆ. ಆಮೇಲೆ ಅದನ್ನೂ ಬಿಟ್ಟೆ. 'ಪರಿಶೀಲಿಸಿದವರು' ಎಂಬಲ್ಲಿ ನನ್ನ ಹೆಸರು ತಾನಾಗಿಯೇ ಮೂಡುತ್ತಿತ್ತು.

ಸೊರಬದಿಂದ ಕುಬಟೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ಊರಿದೆ. ಹೆಸರು ಬೇಡ. ಊರಿಗೊಂದು ಕೆರೆ, ಕೆರೆಗೆ ಒಂದು ಸಂಘ, ಆ ಸಂಘ ನಮ್ಮ ಸದಸ್ಯ. ತೂಬೆತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಪಾಳಿ ಪ್ರಕಾರ ಬಿಡುವವನನ್ನು ನೀರುಗಂಟಿ ಎನ್ನುತ್ತಾರೆ, ಕಾಲುವೆಯಿಂದ ಗದ್ದೆಗೆ ನೀರು ನುಗ್ಗುವ ಬಾಯಿಯನ್ನು ಮಡೆ ಎನ್ನುತ್ತಾರೆ. ಆ ಊರಿನ ನೀರುಗಂಟಿ ಕೆರಿಯಪ್ಪ ಎಂಬ ಹಿರಿಯರು. ಅವರ ಬಳಿ ಕಪ್ಪು ರಟ್ಟಿನ ಉದ್ದನೆಯ ಪುಸ್ತಕವಿತ್ತು. ಅವರ ತಂದೆ ಬರೆಯಲು ಶುರುಮಾಡಿ ಅವರು ಮುಂದುವರಿಸಿದ್ದು. ಯಾವ ಗದ್ದೆಗೆ ಯಾವ ವಾರ, ಎಷ್ಟು ಜಾವ, ಕೆರೆಯಲ್ಲಿ ನೀರು ಕಡಿಮೆಯಾದ ವರ್ಷ ಅದರಲ್ಲಿ ಎಷ್ಟು ಕಡಿತ, ಎಲ್ಲವೂ ಪೆನ್ಸಿಲಿನಲ್ಲಿತ್ತು. ಅರ್ಧದವರೆಗೆ ಮೇಲಿನ ಗದ್ದೆಗಳು, ಉಳಿದರ್ಧ ಕೆಳಗಿನ ಗದ್ದೆಗಳು. ಪುಟಗಳು ಮುಟ್ಟಿದರೆ ಉದುರುತ್ತಿದ್ದವು.

ಅದರ ಪ್ರತಿ ಮಾಡಲು ನಾನು ಹೋದ ದಿನ ಕೆರಿಯಪ್ಪನವರ ಮಗಳು ಗುತ್ಯಮ್ಮ ಹೋಳಿಗೆ ಮಾಡಿದ್ದರು. ತಂದೆಗೆ ಕಣ್ಣು ಮಂಜಾದ ಮೇಲೆ ಏರಿಯ ಮೇಲೆ ಅವರ ಜೊತೆ ಓಡಾಡಿ ಪಾಳಿ ನಡೆಸುತ್ತಿದ್ದವರು ಆಕೆಯೇ. ಬೆಳಿಗ್ಗೆ ಮೇಲಿನ ಗದ್ದೆಗಳ ಪುಟ ಮುಗಿಸಿದೆ. ಊಟಕ್ಕೆ ಎಬ್ಬಿಸಿದರು. ಹೋಳಿಗೆಯ ಮೇಲೆ ತುಪ್ಪ ಸುರಿದು, "ಇನ್ನೊಂದು ಹಾಕ್ಯಳ್ರಿ, ಪುಸ್ತಕ ಎಲ್ಲೂ ಓಡೋಗಲ್ಲ" ಎಂದು ಬಡಿಸಿದರು. ಊಟದ ನಡುವೆ ಫೋನ್ ಬಂತು. ತುಪ್ಪದ ಕೈಯಲ್ಲೇ ಎತ್ತಿದೆ. ಕೈ ತೊಳೆದೆ, ಫೋನ್ ಒರೆಸಲಿಲ್ಲ. ಮಧ್ಯಾಹ್ನ ಉಳಿದ ಪುಟಗಳನ್ನು ತೆಗೆದೆ.

ಮಾರನೆಯ ದಿನ ಕಚೇರಿಯಲ್ಲಿ ಎಲ್ಲವನ್ನೂ ಏರಿಸಿ, ಒಂದನ್ನೂ ತೆರೆಯದೆ, ಒಪ್ಪಿಗೆ ಒತ್ತಿದೆ.

ಆ ಮಳೆಗಾಲಕ್ಕೆ ಮುಂಚೆ ಕೆರಿಯಪ್ಪನವರು ತೀರಿಕೊಂಡರು. ಮಳೆ ಚೆನ್ನಾಗಿ ಬಂದು ಕೆರೆ ಕೋಡಿ ಬಿತ್ತು. ಗುತ್ಯಮ್ಮ ಫೋನ್ ಮಾಡಿದರು.

"ಹುಚ್ಚರಾಯಣ್ಣ, ಅಪ್ಪನ ಪುಸ್ತಕ ಕಂಪ್ಯೂಟರ್‌ನಾಗೆ ಹೋಗೈತಲ್ವಾ? ಪೂರ್ತಿ?"

"ಪೂರ್ತಿ ಹೋಗೈತಮ್ಮ. ಇನ್ನು ಅದಕ್ಕೆ ಸಾವಿಲ್ಲ."

"ಹಂಗಾದ್ರೆ ಹಳೇದು ಇಟ್ಕಬೇಕಂತೇನಿಲ್ಲ?"

"ಏನೂ ಅಗತ್ಯ ಇಲ್ಲ ಬಿಡ್ರಿ."

ಆಕೆ ಯಾಕೆ ಕೇಳುತ್ತಿದ್ದಾರೆಂದು ನಾನು ಕೇಳಲಿಲ್ಲ. ಆ ಊರಿನ ಪದ್ಧತಿ ನನಗೆ ತಿಳಿದಿರಲಿಲ್ಲ. ಕೆರೆಯ ಕೆಲಸಕ್ಕೆ ಬಳಸಿದ ಯಾವುದನ್ನೂ ಅವರು ಒಲೆಗೆ ಹಾಕುವುದಿಲ್ಲ, ಕಸಕ್ಕೆ ಎಸೆಯುವುದಿಲ್ಲ. ತೂಬಿನ ಹಳೆಯ ಹಗ್ಗವಾಗಲಿ, ಸವೆದ ಗುದ್ದಲಿಯಾಗಲಿ, ಮುಪ್ಪಾದದ್ದನ್ನು ಕೆರೆ ತುಂಬಿದ ವರ್ಷ ಬಾಗಿನದ ಜೊತೆ ಕೆರೆಗೇ ಒಪ್ಪಿಸುತ್ತಾರೆ. ಕೆರಿಯಪ್ಪನವರ ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ಅರಿಶಿನ ಕುಂಕುಮವಿಟ್ಟು, ಕಲ್ಲು ಕಟ್ಟಿ, ಊರಿನವರೆಲ್ಲರ ಎದುರಿಗೆ ನೀರಿಗೆ ಬಿಟ್ಟರು. ಅದರ ಚಿತ್ರವನ್ನು ನನಗೆ ವಾಟ್ಸಾಪಿನಲ್ಲಿ ಕಳಿಸಿದ್ದರು. ನಾನು ಕೈಮುಗಿದ ಚಿಹ್ನೆ ಕಳಿಸಿದೆ.

ಮುಂದಿನ ವರ್ಷ ಕೆರೆ ಅರ್ಧವೇ ತುಂಬಿತು. ಬೇಸಿಗೆ ಭತ್ತಕ್ಕೆ ನೀರು ಬಿಡುವಾಗ ತಕರಾರು ಎದ್ದಿತು. ಕೆರೆ ಸಂಘದ ಅಧ್ಯಕ್ಷರು ಈರಪ್ಪ. ಅವರ ಗದ್ದೆ ಮೇಲಿನ ಸಾಲಿನ ಕೊನೆಯದು. ನೇರ ಮಾತಿನ, ಹಟದ ಮನುಷ್ಯ. ನೀರು ಕಡಿಮೆಯಾದ ವರ್ಷ ಕೆಳಗಿನ ಗದ್ದೆಗಳಿಗೆ ಪಾಳಿಯೇ ಇಲ್ಲ ಎಂದು ಮೇಲಿನವರು, ಇದೆ ಎಂದು ಕೆಳಗಿನವರು. ಈರಪ್ಪ ಹೇಳಿದ್ದು ಒಂದೇ ಮಾತು: "ಪುಸ್ತಕದಾಗೆ ಇದ್ರೆ ಬಿಡ್ತೀವಿ. ಇಲ್ದಿದ್ರೆ ಇಲ್ಲ."

ಗುತ್ಯಮ್ಮ ತಮ್ಮ ಫೋನಿನಲ್ಲಿ ಪುಸ್ತಕ ತೆರೆದು ನೋಡಿದ್ದಾರೆ. ಕೆಳಗಿನ ಗದ್ದೆಗಳ ಪುಟ ಮಬ್ಬು. ಆಕೆ ತಪ್ಪು ತನ್ನ ಫೋನಿನದೆಂದುಕೊಂಡು ನನಗೆ ಕರೆ ಮಾಡಿದರು. "ನಮ್ ಫೋನು ಹಳೇದು ಅಣ್ಣ, ಸರಿಯಾಗಿ ಕಾಣಂಗಿಲ್ಲ. ನಿಮ್ ಕಂಪ್ಯೂಟರ್‌ನಾಗೆ ತೆಗೆದು ಆ ಪುಟ ಪ್ರಿಂಟ್ ಹೊಡ್ಸಿ ಕಳಿಸ್ರಿ. ಕೆಳಗಿನ ಕೊನೇ ಗದ್ದೆ ನಾಗಪ್ಪ ಸಸಿ ಮಡಿ ಮಾಡ್ಕ್ಯಂಡು ಕೂತಾನೆ."

ಅಂದು ನಾನು ಆ ಪುಟಗಳನ್ನು ಮೊದಲ ಸಲ ತೆರೆದೆ. ಊಟದ ಮುಂಚಿನ ಪುಟಗಳಲ್ಲಿ ಪೆನ್ಸಿಲಿನ ಒಂದೊಂದು ಗೀರೂ ಕಾಣುತ್ತಿತ್ತು. ಊಟದ ನಂತರದವು ಎಣ್ಣೆ ಕಾಗದದ ಹಿಂದೆ ಇಟ್ಟ ಹಾಗಿದ್ದವು. ಗೆರೆಗಳಿವೆ ಎಂದು ಗೊತ್ತಾಗುತ್ತಿತ್ತು, ಅಷ್ಟೆ. ಕೊನೆಯ ಪುಟದವರೆಗೂ ಹೋದೆ. ಒಂದೂ ಉಳಿದಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದು ಆಮೇಲೆ. ಗುತ್ಯಮ್ಮನಿಗೆ ಫೋನ್ ಮಾಡಿ, "ಸರ್ವರ್ ಡೌನ್ ಇದೆಯಮ್ಮ, ಎರಡು ದಿನ ತಡೀರಿ" ಎಂದೆ.

ಎರಡು ದಿನ ಎಂದದ್ದು ಮೂರು ವಾರವಾಯಿತು. ಆಕೆ ಕರೆ ಮಾಡುತ್ತಿದ್ದರು, ನಾನು ಸರ್ವರ್ ಡೌನ್ ಎನ್ನುತ್ತಿದ್ದೆ. ಎಷ್ಟೋ ಕಚೇರಿಗಳ ಕಿಟಕಿಯಲ್ಲಿ ಇದೇ ಮಾತು ಕೇಳಿ ಕೇಳಿ ಜನರಿಗೆ ಅಭ್ಯಾಸವಾಗಿದೆ. ಯಾರೂ ಸುಳ್ಳು ಎನ್ನುವುದಿಲ್ಲ. "ಪಾಪ, ನೀವಾದ್ರೂ ಏನ್ಮಾಡ್ತೀರಿ ಅಣ್ಣ" ಎಂದು ಆಕೆ ನನ್ನನ್ನೇ ಸಮಾಧಾನ ಮಾಡುತ್ತಿದ್ದರು.

ಆ ಮೂರು ವಾರದಲ್ಲಿ ನಾನು ದೂರದೇಶದ ಆ ಹೆಂಗಸಿಗೆ ಬರೆದೆ. ಈ ಸಲ ಎಲ್ಲರೂ ಓದುವ ಪಟ್ಟಿಗಲ್ಲ, ಅವರೊಬ್ಬರಿಗೇ. ಮಬ್ಬಾದ ಪುಟಗಳನ್ನು ತಿಳಿಯಾಗಿಸುವ ದಾರಿ ಇದೆಯೇ ಎಂದು ಕೇಳಿದೆ. ಅವರು ಪುಟಗಳನ್ನು ತರಿಸಿಕೊಂಡು, ತಮಗೆ ಗೊತ್ತಿದ್ದವರಿಗೆಲ್ಲ ತೋರಿಸಿ, ಹಲವು ದಿನ ಹೆಣಗಿದರು. ಕೊನೆಗೆ ಬರೆದರು: ಕ್ಯಾಮೆರಾ ಕಾಣದೇ ಇದ್ದುದನ್ನು ಯಾವ ತಂತ್ರಾಂಶವೂ ಕಾಣಿಸಲಾರದು. ಊಹೆಯಿಂದ ಗೆರೆ ತುಂಬುವ ಉಪಕರಣಗಳಿವೆ, ಆದರೆ ಅವು ತುಂಬುವುದು ನಿಮ್ಮ ನೀರುಗಂಟಿ ಬರೆದದ್ದನ್ನಲ್ಲ, ದಯವಿಟ್ಟು ಬಳಸಬೇಡಿ. ಕೆಳಗೆ ಒಂದು ಸಾಲು ಸೇರಿಸಿದ್ದರು. ಆ ಜನಕ್ಕೆ ವಿಷಯ ತಿಳಿಸಿದ್ದೀರಾ?

ಆ ಒಂದು ಸಾಲು ಓದಿ ಎದ್ದು ಮೇಡಂ ಮೇಜಿನ ಮುಂದೆ ನಿಂತೆ. ಎಲ್ಲ ಹೇಳಿದೆ. ಹೋಳಿಗೆ, ತುಪ್ಪ, ಗುಂಡಿ, ಕೆರೆಗೆ ಬಿಟ್ಟ ಪುಸ್ತಕ, ಸರ್ವರ್ ಡೌನ್. ಬೈದರೆ ಬೈಸಿಕೊಳ್ಳೋಣ, ಕೆಲಸ ಬಿಡಿ ಎಂದರೆ ಬಿಡೋಣ ಎಂದು ಸಿದ್ಧವಾಗಿದ್ದೆ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದರು.

"ಸೊರಬಕ್ಕೆ ಮುಂದಿನ ಬಸ್ಸು ಎಷ್ಟೊತ್ತಿಗೆ?"

"ಇನ್ನು ಅರ್ಧ ಗಂಟೆಗೈತೆ ಮೇಡಂ."

"ನಡೀರಿ. ಮಾತಾಡೋದು ನೀವೇ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಅಷ್ಟು ವಯಸ್ಸಾದ ಹೆಂಗಸು, ಮಂಡಿನೋವು ಬೇರೆ, ಸೊರಬದಲ್ಲಿ ಇನ್ನೊಂದು ಬಸ್ಸು ಹಿಡಿದು ನನ್ನ ಜೊತೆ ಬಂದರು. ದಾರಿಯುದ್ದಕ್ಕೂ ಒಂದು ಮಾತೂ ಬೈಯಲಿಲ್ಲ. ಶಿರಾಳಕೊಪ್ಪದಲ್ಲಿ ಕಿಟಕಿಯಿಂದ ಕಡಲೆಕಾಯಿ ಕೊಂಡು ಅರ್ಧ ನನ್ನ ಕೈಗೆ ಹಾಕಿದರು.

ಕೆರೆ ಏರಿಯ ಮೇಲೆ, ಆಲದ ಮರದ ಕೆಳಗೆ ಗುತ್ಯಮ್ಮ ಜನರನ್ನು ಸೇರಿಸಿದರು. ನಾನು ನಿಂತು ಹೇಳಿದೆ. ಪುಟಗಳು ಹೋದದ್ದು ನನ್ನಿಂದ. ನೋಡದೆ ಒಪ್ಪಿಗೆ ಒತ್ತಿದವನು ನಾನು. ಪುಸ್ತಕ ಬೇಡ ಎಂದವನು ನಾನು. ಸರ್ವರ್ ಒಂದು ದಿನವೂ ಕೆಟ್ಟಿರಲಿಲ್ಲ.

ಕೆಳಗಿನ ಗದ್ದೆಯ ಒಬ್ಬರು ಎದ್ದರು. "ಮೂರು ವಾರ ಸುಳ್ ಹೇಳಿ ಈಗ ಬಂದೀರಲ್ರೀ. ನೀವು ಯಾರ ಕಡೆ ಮನ್ಷ? ಮೇಲಿನೋರು ಹೇಳಿ ಅಳಿಸಿದ್ರಾ?"

"ಏಯ್, ನಾಲಿಗೆ ಹಿಡ್ದು ಮಾತಾಡೋ," ಎಂದು ಈರಪ್ಪ ಎದ್ದರು. ಮಾತಿಗೆ ಮಾತು ಬೆಳೆಯಿತು. ನನ್ನ ಒಂದು ಬೆರಳಿನ ಆಲಸ್ಯದಿಂದ ಅಕ್ಕಪಕ್ಕದ ಗದ್ದೆಯವರು ಒಬ್ಬರ ಮೇಲೊಬ್ಬರು ಕಳ್ಳತನ ಹೊರಿಸುವಂತಾಯಿತು. ಹೋಗಿದ್ದು ಪುಟಗಳು ಮಾತ್ರವಲ್ಲ ಎಂದು ಅಲ್ಲಿ ನಿಂತಾಗ ತಿಳಿಯಿತು.

ಕಟ್ಟಕಡೆಯ ಗದ್ದೆಯ ನಾಗಪ್ಪನೂ ಅಲ್ಲಿದ್ದ. ಅವನ ಮಡಿಯ ಸಸಿಗಳು ಹಿಂದಿನ ವಾರವೇ ಒಣಗಿದ್ದವು. ನೀರು ಬಂದರೂ ಆ ವರ್ಷ ಅವನಿಗೆ ಭತ್ತವಿಲ್ಲ.

ಗುತ್ಯಮ್ಮ ಎಲ್ಲರ ನಡುವೆ ಬಂದು ನಿಂತರು. ನನ್ನ ಕಡೆ ನೋಡಲಿಲ್ಲ.

"ಪಾಳಿ ನಂಗೆ ಬಾಯಿಗೆ ಬರ್ತೈತೆ. ಆದ್ರೆ ನಾ ಹೇಳಿದ್ರೆ ನೀವು ಒಪ್ಪಂಗಿಲ್ಲ, ನಂದೂ ಕೆಳಗೇ ಅರ್ಧ ಗದ್ದೆ ಐತೆ. ಅಪ್ಪ ಜಗಳ ಬಂದಾಗ ಒಂದು ಮಾಡ್ತಿದ್ದ. ತನ್ ಪಾಳಿ ತಾನು ಹೇಳಂಗಿಲ್ಲ. ಪಕ್ಕದೋನ ಪಾಳಿ ಹೇಳ್ಬೇಕು. ಪಕ್ಕದೋನು ಮಡೆ ಯಾವಾಗ ಕಟ್ತಾನೆ ಅಂತ ಕಾಯ್ಕ್ಯಂಡು ಕೂತಿರ್ತೀವಲ್ಲ, ಅದು ಯಾರಿಗೂ ಮರೆಯಲ್ಲ."

ಯಾರೋ ನಕ್ಕರು. "ಹೌದು ಮಾರಾಯ, ನನ್ ಪಾಳಿ ನಂಗೇ ನೆನಪಿಲ್ಲ, ಇವ್ನದ್ದು ನಿದ್ದೆಗಣ್ಣಾಗೂ ಹೇಳ್ತೀನಿ."

ಮೇಲಿನ ಸಾಲಿನ ಪುಟಗಳು ಸ್ಪಷ್ಟವಾಗಿದ್ದವು. ಅಲ್ಲಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪುಸ್ತಕ ನಿಂತುಹೋದ ಜಾಗದಿಂದ ಹೇಳಬೇಕಿತ್ತು. ಮೇಲಿನ ಸಾಲಿನ ಕೊನೆಯ ಗದ್ದೆ ಈರಪ್ಪನವರದು. ಅದರ ಪಕ್ಕದ್ದು ಕೆಳಗಿನ ಸಾಲಿನ ಮೊದಲ ಗದ್ದೆ. ಅಂದರೆ, ನೀರು ಕಡಿಮೆಯಾದ ವರ್ಷ ಕೆಳಗಿನವರಿಗೆ ಪಾಳಿ ಇದೆಯೋ ಇಲ್ಲವೋ ಎಂಬ ಮೊದಲ ಮಾತು ಈರಪ್ಪನವರ ಬಾಯಿಂದ ಬರಬೇಕಿತ್ತು. ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಅವರ ಗದ್ದೆಗೆ ನೀರು ಹೆಚ್ಚು.

ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಕೆರೆಯ ಕಡೆ ನೋಡಿದರು.

"ಎಷ್ಟ್ ಹೇಳ್ಬೇಕು, ತುಂಬಿದ್ ವರ್ಷದ್ದಾ, ಕಡಿಮೆ ವರ್ಷದ್ದಾ?"

"ಕಡಿಮೆ ವರ್ಷದ್ದು ಹೇಳು ಮಾವ," ಎಂದರು ಗುತ್ಯಮ್ಮ.

"ಕಡಿಮೆ ವರ್ಷ ಅರ್ಧ ಜಾವ," ಎಂದರು ಈರಪ್ಪ. "ವಾರಕ್ಕೊಂದ್ಸಲ. ನಮ್ಮಪ್ಪ ಆ ಮಡೆ ಕಟ್ಟೋಕೆ ನನ್ನ ಕಳಿಸ್ತಿದ್ದ. ಬರ್ಕ್ಯಳ್ರಿ." ಆಮೇಲೆ ಕುಳಿತುಬಿಟ್ಟರು.

ಮೇಡಂ ನನ್ನ ಕೈಗೆ ಪೆನ್ನು ಕೊಟ್ಟರು. ನಾನು ಬರೆದೆ. ಒಂದು ಗದ್ದೆಯವರು ಮುಂದಿನ ಗದ್ದೆಯ ಪಾಳಿ ಹೇಳುತ್ತ ಹೋದರು. ಅಲ್ಲಲ್ಲಿ ತಡೆದರು, ತಿದ್ದಿದರು. "ಅರ್ಧ ಅಲ್ಲ ಕಣೋ, ನಿಮ್ಮಜ್ಜಿ ಬಂದು ಬೈದ್ ಮೇಲೆ ಮುಕ್ಕಾಲಾತು" ಎಂಬಂಥ ಮಾತುಗಳೂ ಬಂದವು. ಅವನ್ನೂ ಬರೆದುಕೊಂಡೆ. ಹೇಳಿದವರು ಯಾರು ಎಂಬುದನ್ನು ಪ್ರತಿ ಸಾಲಿನ ಪಕ್ಕ ಬರೆದೆ. ಮುಗಿಯಲು ಮೂರು ದಿನ ಹಿಡಿಯಿತು. ಮೇಡಂ ಗುತ್ಯಮ್ಮನ ಮನೆಯಲ್ಲಿ ಉಳಿದರು, ನಾನು ದಿನಾ ಶಿಕಾರಿಪುರದಿಂದ ಹೋಗಿ ಬಂದೆ.

ಮೂರನೆಯ ದಿನ ಅಲ್ಲೇ ಕೂತು ಆ ಪುಟಗಳ ಪ್ರತಿ ತೆಗೆದು, ಏರಿಸಿ, ಒಂದೊಂದನ್ನೂ ತೆರೆದು ಗುತ್ಯಮ್ಮನಿಗೆ ಪರದೆಯಿಂದಲೇ ಓದಿ ಹೇಳಿದೆ. ಮಬ್ಬಾದ ಪುಟಗಳನ್ನು ತೆಗೆದುಹಾಕಲೇ ಎಂದು ಕೇಳಿದಾಗ ಮೇಡಂ ಬೇಡ ಎಂದರು. ಅವು ಇಂದಿಗೂ ಅಲ್ಲೇ ಇವೆ. ಪಕ್ಕದಲ್ಲಿ ಯಾರ ತಪ್ಪಿನಿಂದ ಹೀಗಾಯಿತು ಎಂಬ ಟಿಪ್ಪಣಿ ಇದೆ, ನನ್ನ ಹೆಸರಿನೊಂದಿಗೆ. ಅದನ್ನು ಬರೆದವನು ನಾನೇ. ಇಂಥ ಟಿಪ್ಪಣಿಗೆ ತಂತ್ರಾಂಶದಲ್ಲಿ ಸರಿಯಾದ ಜಾಗವಿರಲಿಲ್ಲ. ದೂರದೇಶದ ಆ ಹೆಂಗಸು ಇದನ್ನು ಕಟ್ಟುವವರ ಮುಂದಿಟ್ಟರು. ಮುಂದಿನ ಆವೃತ್ತಿಯಲ್ಲಿ ಆ ಜಾಗವೂ, ಪ್ರತಿ ಪುಟವನ್ನೂ ತೆರೆಯುವವರೆಗೆ ಒಪ್ಪಿಗೆಯ ಗುಂಡಿ ಮೂಡದ ಹಾಗೆ ಮಾಡಿಕೊಳ್ಳುವ ಅವಕಾಶವೂ ಬಂದವು. ನಮ್ಮ ಸಂಘದಲ್ಲಿ ಈಗ ಹಾಗೇ ಇದೆ. ಹೊಸಬರು ಅದರಿಂದ ಕೆಲಸ ನಿಧಾನ ಎಂದು ಗೊಣಗುತ್ತಾರಂತೆ. ನಿಮ್ಮ ಕೆಲಸ ನಿಧಾನವಾಗಿದ್ದು ನನ್ನಿಂದ, ಕ್ಷಮಿಸಿ.

ಕೆರೆ ಸಂಘದವರು ನಮ್ಮ ಸದಸ್ಯತ್ವ ಬಿಡಲಿಲ್ಲ. ನಾನು ಮುಂದೆ ಕೆಲವು ವರ್ಷ ಅದೇ ಕೆಲಸದಲ್ಲಿದ್ದೆ. ನನ್ನನ್ನು ಉಳಿಸಿಕೊಂಡದ್ದು ಯಾಕೆ ಎಂದು ಒಮ್ಮೆ ಮೇಡಂ ಅವರನ್ನು ಕೇಳಿದೆ. "ಹೊಸಬರನ್ನ ತಗೊಂಡ್ರೆ ಅವರೂ ಒಂದ್ಸಲ ಇದೇ ತಪ್ಪು ಮಾಡಿ ಕಲೀಬೇಕು. ನಿಮ್ಮದು ಆಗಿದೆಯಲ್ಲ" ಎಂದರು. ನಗಲಿಲ್ಲ.

ನಾಗಪ್ಪನ ವಿಷಯ ಹೇಳಿ ಮುಗಿಸುತ್ತೇನೆ. ಬರೆದು ಮುಗಿದ ವಾರವೇ ಕೆಳಗಿನ ಸಾಲಿಗೆ ನೀರು ಬಿಟ್ಟರು. ಅವನ ಪಾಳಿಯ ದಿನ ಬೆಳಿಗ್ಗೆ ನಾನು ಒಬ್ಬನೇ ಅವನ ಗದ್ದೆಗೆ ಹೋದೆ. ಕಾಲುವೆಯ ಬದಿಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಒಣಗಿದ ಸಸಿ ಮಡಿ ಪಕ್ಕದಲ್ಲೇ ಇತ್ತು, ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

"ನಾಗಪ್ಪ, ನನ್ನಿಂದ ತಪ್ಪಾತು. ಕ್ಷಮಿಸು," ಎಂದೆ.

"ಕ್ಷಮೆ ಗಿಮೆ ನಂಗೆ ಗೊತ್ತಾಗಲ್ಲ ರೀ," ಎಂದ. ಬೀಡಿ ಹೊಸಕಿದ. "ಭತ್ತ ಹೋತು. ಒಂದ್ಸಲ ನೆಲ ನೆನೆದ್ರೆ ಉದ್ದಿನ್ ಕಾಳಾದ್ರೂ ಹಾಕ್ತೀನಿ. ಚಪ್ಲಿ ಬಿಟ್ಟು ಇಳೀರಿ. ಆ ಗುದ್ದಲಿ ತಗಳ್ರಿ. ಅವರ ಮಡೆ ಕಟ್ಟಿ, ನಂದು ಬಿಡಿಸ್ರಿ."

ಪ್ಯಾಂಟು ಮಡಿಸಿ ಇಳಿದೆ. ಪಕ್ಕದ ಗದ್ದೆಯ ಬಾಯಿಗೆ ಮಣ್ಣು ಹಾಕಿ ಕಟ್ಟಿದೆ, ಅವನ ಗದ್ದೆಯ ಬಾಯಿ ಕಡಿದೆ. ಕಟ್ಟಿದ್ದು ಸೋರಿತು, ಅವನು ಎರಡು ಸಲ ಮತ್ತೆ ಕಟ್ಟಿಸಿದ. ನೀರು ಒಳಗೆ ಬಂದು ಬಿರುಕುಗಳಲ್ಲಿ ಇಳಿಯುತ್ತ ಸ್ವಲ್ಪ ಹೊತ್ತು ಮುಂದೆ ಹೋಗಲೇ ಇಲ್ಲ. ಆಮೇಲೆ ನಿಧಾನವಾಗಿ ಹರಡಿತು. ಇನ್ನು ಹೋಗಬಹುದೇ ಎಂಬಂತೆ ಅವನ ಮುಖ ನೋಡಿದೆ.

"ಪಾಳಿ ಅರ್ಧ ಜಾವ ಐತೆ," ಎಂದ. "ಮುಗಿಯೋ ತನಕ ನಿಂತ್ಕಳ್ರಿ. ಎಲ್ಲಾದ್ರೂ ಸೋರ್ತದೇನೋ ನೋಡ್ತಿರಿ."

ನಿಂತೆ. ಅವನು ಬದುವಿನ ಮೇಲೆ ಟವೆಲ್ ಹಾಸಿ, ಕಣ್ಣು ಮುಚ್ಚಿ ಮಲಗಿಕೊಂಡ. ಕಾಯುವ ಕೆಲಸವನ್ನು ನನಗೆ ಬಿಟ್ಟು ಮಲಗಿದ.